ಮುಂಡಗೋಡದಲ್ಲಿ ಒಂದು ಟಿಬೆಟನ್ ಊಟ

ದಾಂಡೇಲಿಗೆ ಬಂದ ಪ್ರವಾಸಿಗರು ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿ, ಕಾಡು ಸುತ್ತಿ, ರೆಸಾರ್ಟಿನಲ್ಲಿ ಉಂಡು ಹೊರಟುಬಿಡುತ್ತಾರೆ. ಜೊಯಿಡಾದ ಕುಣಬಿ ಜನ ಬೆಳೆಯುವ ಬಗೆಬಗೆಯ ಗೆಡ್ಡೆ-ಗೆಣಸುಗಳ ಸುದ್ದಿ ಈಚೆಗೆ ದೂರದೂರಿಗೂ ಮುಟ್ಟಿದೆ. ನಮ್ಮ ಹಳಿಯಾಳದ ಕಡೆ ರೊಟ್ಟಿ-ಪಲ್ಯವೂ ಉಂಟು, ಅನ್ನ-ಸಾರೂ ಉಂಟು. ಆದರೆ ಇದೇ ಸೀಮೆಯ ಇನ್ನೊಂದು ಮೂಲೆಯಲ್ಲಿ, ಭತ್ತದ ಗದ್ದೆ ಮತ್ತು ಗೋವಿನಜೋಳದ ಹೊಲಗಳ ನಡುವೆ ಕುಳಿತು, ಹಿಮಾಲಯದ ಆಚೆಯ ನಾಡಿನ ಊಟ ಮಾಡಬಹುದು ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಅದಕ್ಕೆ ವಿಮಾನ ಬೇಡ, ಪಾಸ್‌ಪೋರ್ಟ್ ಬೇಡ. ಹುಬ್ಬಳ್ಳಿಯಿಂದಲೋ ಶಿರಸಿಯಿಂದಲೋ ಮುಂಡಗೋಡದ ಬಸ್ಸು ಹತ್ತಿದರೆ ಸಾಕು.

ಮುಂಡಗೋಡ ಪೇಟೆಯಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಟಿಬೆಟನ್ ಕಾಲೊನಿ ಇದೆ. ಟಿಬೆಟನ್ನರು ಇದನ್ನು ಡೋಗುಲಿಂಗ್ ಎನ್ನುತ್ತಾರೆ. ನಾವು ಸುತ್ತಲಿನವರು ‘ಒಂದನೇ ಕ್ಯಾಂಪು, ಎರಡನೇ ಕ್ಯಾಂಪು’ ಎಂದೇ ಕರೆಯುತ್ತೇವೆ.

ಅವರು ಇಲ್ಲಿಗೆ ಬಂದದ್ದು ಹೇಗೆ?

ಮಕ್ಕಳೇ, 1959ರ ಮಾರ್ಚ್ ತಿಂಗಳಲ್ಲಿ ಟಿಬೆಟಿನ ರಾಜಧಾನಿ ಲಾಸಾದಲ್ಲಿ ಚೀನಾದ ಆಡಳಿತದ ವಿರುದ್ಧ ಜನ ದಂಗೆ ಎದ್ದರು. ದಂಗೆಯನ್ನು ಸೈನ್ಯ ಹತ್ತಿಕ್ಕಿತು. ಆಗ 23 ವರ್ಷದ ಯುವಕರಾಗಿದ್ದ ದಲೈ ಲಾಮಾ ಅವರು ಹಿಮದ ಬೆಟ್ಟಗಳನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರ ಸಾವಿರ ಜನ ಉಟ್ಟ ಬಟ್ಟೆಯಲ್ಲೇ ನಡೆದು ಬಂದರು. ಮೊದಮೊದಲು ಎಷ್ಟೋ ಜನ ಹಿಮಾಲಯದ ಕಡೆ ರಸ್ತೆ ಕೆಲಸದ ಕೂಲಿ ಮಾಡಿದರು. ಪ್ರಧಾನಿ ನೆಹರೂ ಅವರು ಇವರಿಗೆ ನೆಲೆ ಕೊಡಿ ಎಂದು ರಾಜ್ಯಗಳನ್ನು ಕೇಳಿದಾಗ ದೊಡ್ಡ ಮನಸ್ಸು ಮಾಡಿದ ರಾಜ್ಯ ನಮ್ಮದು. ಆಗ ಅದರ ಹೆಸರು ಇನ್ನೂ ಮೈಸೂರು. ಮೊದಲು ಬೈಲಕುಪ್ಪೆಯಲ್ಲಿ ನೆಲೆ ಸಿಕ್ಕಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದಲ್ಲಿ ಸುಮಾರು 4,000 ಎಕರೆ ಜಾಗ ಸಿಕ್ಕಿತು. ಅದು ಹೊಲವಲ್ಲ, ಕಾಡು. ಕಾಡು ಕಡಿದು, ನಮ್ಮ ಸೆಕೆ ಸಹಿಸಿ, ಕಾಯಿಲೆ-ಕಸಾಲೆ ನುಂಗಿಕೊಂಡು ಅವರು ಹೊಲ ಮಾಡಿದರು.

ಕಾಲೊನಿಯ ಲಾಮಾ ಕ್ಯಾಂಪುಗಳಲ್ಲಿ ಗಾದೆನ್ ಮತ್ತು ಡ್ರೆಪುಂಗ್ ಎಂಬ ಎರಡು ದೊಡ್ಡ ಮಠಗಳಿವೆ. ಡ್ರೆಪುಂಗ್ ಮಠವನ್ನು 1416ರಲ್ಲಿ ಲಾಸಾದ ಹತ್ತಿರ ಕಟ್ಟಿದ್ದರು. ಅಲ್ಲಿಂದ ಬಂದ ಭಿಕ್ಷುಗಳು ಅದೇ ಹೆಸರಿನಲ್ಲಿ ಇಲ್ಲಿ ಮತ್ತೆ ಕಟ್ಟಿದರು. ಆ ಹೆಸರಿನ ಅರ್ಥ ಏನು ಗೊತ್ತೇ? ‘ಅಕ್ಕಿಯ ರಾಶಿ’! ಬೆಟ್ಟದ ಮೈಮೇಲಿನ ಅದರ ಬಿಳಿ ಕಟ್ಟಡಗಳು ದೂರದಿಂದ ಅಕ್ಕಿಯ ರಾಶಿಯಂತೆ ಕಾಣುತ್ತಿದ್ದವಂತೆ. ಭತ್ತ ಬೆಳೆಯದ ಲಾಸಾದಲ್ಲಿ ಹುಟ್ಟಿದ ‘ಅಕ್ಕಿ ರಾಶಿ’ ಈಗ ನಿಜವಾದ ಭತ್ತದ ಗದ್ದೆಗಳ ಪಕ್ಕದಲ್ಲಿ ನಿಂತಿದೆ.

ಬ್ಯಾಂಕಿನ ಕೌಂಟರಿನಿಂದ ಕಂಡದ್ದು

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. 1980ರ ದಶಕದಲ್ಲಿ ಕೆಲವು ವರ್ಷ ಈ ಕಡೆಯ ಶಾಖೆಯಲ್ಲಿ ಕೆಲಸ ಮಾಡಿದೆ. ಟಿಬೆಟನ್ ಗ್ರಾಹಕರಲ್ಲಿ ಅರ್ಧಕ್ಕರ್ಧ ಜನರ ಹೆಸರು ತೆಂಜಿನ್! ಉಳಿದವರಲ್ಲಿ ಭಾನುವಾರ ಹುಟ್ಟಿದವರು ನ್ಯಿಮಾ, ಸೋಮವಾರ ಹುಟ್ಟಿದವರು ದಾವಾ, ಬುಧವಾರ ಹುಟ್ಟಿದವರು ಲಕ್ಪಾ. ಮನೆತನದ ಹೆಸರಿಲ್ಲ. ಒಬ್ಬರ ಲೆಡ್ಜರು ಇನ್ನೊಬ್ಬರದಾಗದಂತೆ ನೋಡಿಕೊಳ್ಳುವುದೇ ಒಂದು ಪರೀಕ್ಷೆ. ನವೆಂಬರ್ ಬಂತೆಂದರೆ ಕೌಂಟರು ಖಾಲಿ. ಎಲ್ಲರೂ ಸ್ವೆಟರ್ ಮಾರಲು ದೂರದ ಪಟ್ಟಣಗಳ ಫುಟ್‌ಪಾತಿಗೆ ಹೋಗುತ್ತಿದ್ದರು. ಚಳಿಗಾಲ ಮುಗಿಸಿ, ಲೋಸಾರ್ ಎಂಬ ಅವರ ಹೊಸವರ್ಷದ ಹೊತ್ತಿಗೆ ನೋಟಿನ ಕಟ್ಟು ಹಿಡಿದು ಮರಳುತ್ತಿದ್ದರು. ಮಳೆಗಾಲದಲ್ಲಿ ಒಕ್ಕಲುತನ, ಚಳಿಗಾಲದಲ್ಲಿ ಸ್ವೆಟರ್. ಹಾಗೆ ಮಕ್ಕಳನ್ನು ಓದಿಸಿದರು.

ಆ ದಿನಗಳಲ್ಲಿ ಅವರು ಕರೆದಾಗ ಚಹಾ ಕುಡಿದದ್ದುಂಟು. ಕೂತು ಪೂರ್ತಿ ಊಟ ಮಾಡಿದ್ದು ಮಾತ್ರ ಕಳೆದ ದಸರಾ ರಜೆಯಲ್ಲಿ. ಬೆಂಗಳೂರಿನಿಂದ ಬಂದಿದ್ದ ಆರನೇ ಕ್ಲಾಸಿನ ಮೊಮ್ಮಗ “ಅಜ್ಜಾ, ಮೊಮೊ ತಿನ್ನಬೇಕು” ಎಂದು ಹಟ ಹಿಡಿದ. ಬೆಂಗಳೂರಿನ ಬೀದಿಯಲ್ಲಿ ತಿನ್ನುವ ಮೊಮೊದ ತವರುಮನೆಯನ್ನೇ ತೋರಿಸುತ್ತೇನೆ ಬಾ ಎಂದು ಅವನನ್ನೂ ನನ್ನ ಮನೆಯವರನ್ನೂ ಕರೆದುಕೊಂಡು ಹೊರಟೆ.

ಕಡುಬಿನ ತಮ್ಮ, ಅಜ್ಜಿಯ ಹೆಸರು

ಐದಾರು ಮೇಜುಗಳ ಸಣ್ಣ ಹೋಟೆಲು. ಗೋಡೆಯ ಮೇಲೆ ದಲೈ ಲಾಮಾ ಅವರ ಫೋಟೊ, ಅದಕ್ಕೆ ಬಿಳಿ ರೇಷ್ಮೆಯ ಶಲ್ಯ. ಆ ಶಲ್ಯಕ್ಕೆ ‘ಖತಾ’ ಎನ್ನುತ್ತಾರೆ. ಬ್ಯಾಂಕಿನವನ ಕಿವಿಗೆ ಅದು ಖಾತೆ ಎಂದೇ ಕೇಳಿಸುತ್ತದೆ! ಒಡತಿ ನನ್ನ ವಯಸ್ಸಿನವರೇ. ಉದ್ದನೆಯ ‘ಚುಪಾ’ ಉಡುಗೆ, ಮುಂದೆ ಬಣ್ಣದ ಪಟ್ಟೆಗಳ ಏಪ್ರನ್ನು. ನಾನು “ತಾಶಿ ದೆಲೆ” ಎಂದೆ. ಅದು ಅವರ ನಮಸ್ಕಾರ. ಅವರು ನಕ್ಕು, “ಬರ್ರಿ, ಕುಂದರ್ರಿ” ಎಂದರು, ಅಪ್ಪಟ ಹುಬ್ಬಳ್ಳಿ ಕಡೆಯ ಕನ್ನಡದಲ್ಲಿ.

ನಾವು ಶಾಕಾಹಾರಿಗಳು. ನಮ್ಮಂಥವರು ಎರಡು ಪದ ಕಲಿತಿರಬೇಕು. ‘ಶಾ’ ಎಂದರೆ ಮಾಂಸ, ‘ತ್ಸೆಲ್’ ಎಂದರೆ ತರಕಾರಿ. ತ್ಸೆಲ್ ಮೊಮೊ ಕೇಳಿದೆವು. ಒಂದರ ಮೇಲೊಂದು ಜೋಡಿಸಿದ ಪಾತ್ರೆಗಳಲ್ಲಿ ಹಬೆಯಲ್ಲಿ ಬೆಂದು ಬಂತು. ತೆಳ್ಳಗಿನ ಹಿಟ್ಟಿನ ಹೊದಿಕೆ, ಮೇಲೆ ಸೀರೆಯ ನಿರಿಗೆಯಂಥ ಮಡಿಕೆ, ಒಳಗೆ ಎಲೆಕೋಸು, ಈರುಳ್ಳಿ, ಕೊತ್ತಂಬರಿ. ಪಕ್ಕದಲ್ಲಿ ‘ಸೆಪೆನ್’ ಎಂಬ ಕೆಂಪು ಖಾರದ ಚಟ್ನಿ. ನನ್ನ ಮನೆಯವರು ಒಂದನ್ನು ಬಾಯಿಗಿಟ್ಟು, “ಇದು ನಮ್ಮ ಚೌತಿ ಕಡುಬಿನ ತಮ್ಮ” ಎಂದು ತೀರ್ಪು ಕೊಟ್ಟರು.

ಅವರ ಭಾಷೆಯಲ್ಲಿ ಅಜ್ಜಿಗೆ ‘ಮೊಮೊ-ಲಾ’ ಎನ್ನುತ್ತಾರೆ. ‘ಲಾ’ ಎಂದರೆ ನಮ್ಮ ‘ರೀ’ ಇದ್ದ ಹಾಗೆ, ಗೌರವಕ್ಕೆ. ತಿನ್ನುವ ಮೊಮೊಗೂ ಅಜ್ಜಿ ಮೊಮೊಗೂ ಅವರ ಕಿವಿಗೆ ವ್ಯತ್ಯಾಸ ಉಂಟು, ನಮ್ಮ ಕಿವಿಗೆ ಎರಡೂ ಒಂದೇ. ಇದು ಗೊತ್ತಾದ ಮೇಲೆ ನಮ್ಮ ಮೊಮ್ಮಗ ಊರಿಗೆ ಹೋಗುವ ತನಕ ಅಜ್ಜಿಯನ್ನು ಮೊಮೊ-ಲಾ ಎಂದೇ ಕರೆದ.

ಉಪ್ಪು ಹಾಕಿದ ಚಹಾ

ಮುಂದೆ ಬಂದದ್ದು ‘ಪೋ ಚಾ’. ‘ಪೋ’ ಅವರ ನಾಡಿನ ಹೆಸರು, ‘ಚಾ’ ನಮ್ಮದೇ ಚಾ. ಚಹಾ ಸೊಪ್ಪನ್ನು ಚೆನ್ನಾಗಿ ಕುದಿಸಿ ಸೋಸಿದ ನೀರಿಗೆ ಬೆಣ್ಣೆ ಮತ್ತು ಉಪ್ಪು ಹಾಕಿ ಕಡೆಯುತ್ತಾರೆ. ಅಲ್ಲಿ ಇದಕ್ಕೆ ಉದ್ದನೆಯ ಮರದ ಕೊಳವೆಯೇ ಇತ್ತು, ಇಲ್ಲಿ ಮಿಕ್ಸರು. ಸಿಹಿ ಚಹಾ ಎಂದು ಗುಟುಕರಿಸಿದರೆ ಮುಖ ಸೊಟ್ಟಗಾಗುತ್ತದೆ. ತೆಳುವಾದ ಸಾರು ಎಂದು ತಿಳಿದು ಕುಡಿದರೆ ರುಚಿ ಹತ್ತುತ್ತದೆ. ಸಕ್ಕರೆ ಕಾಯಿಲೆಯ ಅಜ್ಜಂದಿರು ಹಿಗ್ಗಬೇಕಾಗಿಲ್ಲ, ಇದರಲ್ಲಿರುವ ಉಪ್ಪು ನಮ್ಮ ಬಿಪಿಗೆ ಒಳ್ಳೆಯದಲ್ಲ. ಅರ್ಧ ಬಟ್ಟಲು ಸಾಕು.

ಚಹಾಕ್ಕೆ ಬೆಣ್ಣೆ ಏಕೆ ಎಂದು ಮೊಮ್ಮಗ ಕೇಳಿದ. ಲಾಸಾ ಸಮುದ್ರಮಟ್ಟದಿಂದ 3,600 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಚಳಿ, ಒಣ ಗಾಳಿ. ಮೈ ಬೆಚ್ಚಗಿರಲು ಕೊಬ್ಬು ಬೇಕು, ತುಟಿ ಒಡೆಯದಿರಲೂ ಬೇಕು. ಇನ್ನೊಂದು ಸಂಗತಿ ಇದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಇಲ್ಲಿ ನೂರು ಡಿಗ್ರಿಯ ಹತ್ತಿರ ಕುದಿಯುವ ನೀರು ಲಾಸಾದಲ್ಲಿ ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಅಷ್ಟು ಶಾಖದಲ್ಲಿ ಬೇಳೆ-ಕಾಳು ಬೇಯುವುದು ಬಲು ನಿಧಾನ. ಸೌದೆಯೂ ಕಡಿಮೆ. ಅಲ್ಲಿ ಬೆಳೆಯುವ ಜವೆಗೋಧಿಯನ್ನು ಮೊದಲೇ ಹುರಿದು ಬೀಸಿಟ್ಟುಕೊಂಡರೆ ಮತ್ತೆ ಬೇಯಿಸುವ ಗೊಡವೆಯೇ ಇಲ್ಲ. ಬಟ್ಟಲಿಗೆ ಹಾಕಿ, ಬೆಣ್ಣೆ ಚಹಾ ಹೊಯ್ದು, ಬೆರಳಿನಲ್ಲಿ ಕಲಸಿ ಉಂಡೆ ಮಾಡಿ ತಿನ್ನುವುದು. ಅದೇ ‘ತ್ಸಂಪಾ’. ಕೇಳಿದ ಕೂಡಲೇ ನನಗೆ ಹೊಳೆಯಿತು, ಇದು ನಮ್ಮ ಹುರಿಹಿಟ್ಟು! ಬೆಲ್ಲ-ತುಪ್ಪದ ಬದಲು ಉಪ್ಪು-ಬೆಣ್ಣೆ, ಅಷ್ಟೇ.

ಹಿಟ್ಟು ಎಳೆಯುವ ಕೈ

ಕೊನೆಗೆ ತರಿಸಿದ್ದು ‘ತೆನ್‌ತುಕ್’. ‘ತುಕ್ಪಾ’ ಎಂದರೆ ಹಿಟ್ಟಿನ ಎಳೆಗಳನ್ನು ಹಾಕಿದ ಸಾರು, ‘ತೆನ್’ ಎಂದರೆ ಎಳೆಯುವುದು. ನಾದಿದ ಹಿಟ್ಟನ್ನು ಪಟ್ಟಿಯಂತೆ ಎಳೆದು, ಹೆಬ್ಬೆರಳಗಲದ ಚೂರುಗಳಾಗಿ ಹರಿದು ಕುದಿಯುವ ಸಾರಿಗೆ ಎಸೆಯುತ್ತಾರೆ. ಹಲ್ಲಿಲ್ಲದ ನಮಗೆ ಹೇಳಿ ಮಾಡಿಸಿದ ಊಟ. ಮೊಮ್ಮಗನಿಗೆ ಎಳೆಯುವುದನ್ನು ನೋಡುವ ಆಸೆ. ಒಡತಿ ಅಡುಗೆಮನೆಗೆ ಕರೆದರು.

ಅಲ್ಲಿ ಹಿಟ್ಟು ಎಳೆಯುತ್ತಿದ್ದವರು ಟಿಬೆಟನ್ ಅಲ್ಲ, ಪಕ್ಕದ ಹಳ್ಳಿಯ ನಮ್ಮ ಕನ್ನಡದ ಹೆಣ್ಣುಮಗಳು. ಹನ್ನೆರಡು ವರ್ಷದಿಂದ ಅಲ್ಲೇ ಕೆಲಸವಂತೆ. ಎಡಗೈ ಮೇಲೆ ಹಿಟ್ಟಿನ ಪಟ್ಟಿ ಇಳಿಬಿಟ್ಟು ಬಲಗೈಯಲ್ಲಿ ಪಟಪಟನೆ ಹರಿದು ಹಾಕುತ್ತಿದ್ದರು, ಒಂದು ಚೂರೂ ಗುರಿ ತಪ್ಪಲಿಲ್ಲ.

ಒಡತಿ ನಿಧಾನವಾಗಿ ತಮ್ಮ ಕತೆ ಹೇಳಿದರು. ತಾಯಿಯ ಬೆನ್ನ ಮೇಲೆ ಕೂತು ಬೆಟ್ಟ ದಾಟಿ ಬಂದ ಕೂಸು ಅವರು. ಟಿಬೆಟಿನ ನೆನಪು ಒಂದಿಷ್ಟೂ ಇಲ್ಲ. ಇರುವುದೆಲ್ಲ ತಾಯಿಯ ಕೈ ಅಡುಗೆ. ಮಕ್ಕಳಿಬ್ಬರೂ ಪರದೇಶದಲ್ಲಿದ್ದಾರೆ. ಕಾಲೊನಿಯ ಎಷ್ಟೋ ಮನೆಗಳಲ್ಲಿ ಹೀಗೆಯೇ, ಹರೆಯದವರು ಯುರೋಪಿಗೋ ಅಮೆರಿಕಕ್ಕೋ ಕೆನಡಾಕ್ಕೋ ಹೋಗಿದ್ದಾರೆ, ಮುದುಕರು ಉಳಿದಿದ್ದಾರೆ. “ಮೊಮ್ಮಕ್ಕಳು ರಜಾಕ್ಕ ಬರ್ತಾವ್ರಿ. ಅವಕ್ಕ ನಮ್ಮ ಊರು ತೋರ್ಸಾಕ ಆಗಂಗಿಲ್ಲ. ಊಟ ಹಾಕಬಹುದು, ಹಾಕ್ತೀನಿ” ಎಂದರು. ನನ್ನ ಮನೆಯವರು ಅವರ ಕೈ ಹಿಡಿದುಕೊಂಡು, “ನಮ್ಮ ಮನ್ಯಾಗೂ ಅದss ಆಗೇತ್ರಿ” ಎಂದರು. ನಮ್ಮ ಮಗ ಬೆಂಗಳೂರಿನಲ್ಲಿ. ಅವನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಇಲ್ಲ, ರೊಟ್ಟಿ ಪ್ಯಾಕೆಟ್ಟಿನಲ್ಲಿ ಬರುತ್ತದೆ.

ಹಿಟ್ಟು ಎಳೆಯುತ್ತಿದ್ದ ಹೆಣ್ಣುಮಗಳು ಅಷ್ಟರಲ್ಲಿ ತಿರುಗಿ, ತನ್ನ ಮಕ್ಕಳಿಗೂ ಶನಿವಾರ ಸಂಜೆ ತೆನ್‌ತುಕ್ ಬೇಕು, ಹಿತ್ತಲಿನ ಮೂಲಂಗಿ ಹಾಕಿ ಮಾಡುತ್ತೇನೆ ಎಂದರು. ಒಡತಿಯ ಮನೆಯಲ್ಲಿ ರಾತ್ರಿಗೆ ಇವರು ಬಡಿದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಯಂತೆ! “ಹಂಗಾದ್ರ ಇದು ಯಾರ ಊಟ ಅಜ್ಜಾ?” ಎಂದು ಮೊಮ್ಮಗ ಕೇಳಿದ. ನನ್ನ ಲೆಕ್ಕದಲ್ಲಿ ಊರು ಟಿಬೆಟಿನದು, ಎಲೆಕೋಸು-ಮೂಲಂಗಿ ಮುಂಡಗೋಡದ್ದು, ಕಲಿತವರ ಕೈ ಕಲಿತವರದು. ಹೊಟ್ಟೆಪಾಡಿಗಾಗಿ ಕಲಿತ ಕೈಯೇ ಆದರೂ ಚಿಂತೆಯಿಲ್ಲ, ಅಡುಗೆ ಅಷ್ಟು ವರ್ಷ ಉಳಿಯಿತು.

ಒಂಬತ್ತರ ಸಾರು

ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಊಟದ ಬಗ್ಗೆಯೂ ಒಡತಿ ಹೇಳಿದರು, ಅದು ಹೋಟೆಲಿನಲ್ಲಿ ಸಿಗುವಂಥದ್ದಲ್ಲ. ಲೋಸಾರ್‌ಗೆ ಎರಡು ದಿನ ಮುಂಚೆ ಮನೆಮನೆಯಲ್ಲಿ ‘ಗುತುಕ್’ ಮಾಡುತ್ತಾರೆ. ‘ಗು’ ಎಂದರೆ ಒಂಬತ್ತು. ಒಂಬತ್ತು ಬಗೆಯ ಪದಾರ್ಥ ಹಾಕಿದ ತುಕ್ಪಾ. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ದೊಡ್ಡ ಹಿಟ್ಟಿನ ಉಂಡೆ, ಒಳಗೊಂದು ಗುಟ್ಟು. ಒಡೆದಾಗ ಮೆಣಸಿನಕಾಯಿ ಸಿಕ್ಕವರು ವಾಚಾಳಿಗಳು, ಉಣ್ಣೆ ಸಿಕ್ಕವರು ಮೆತ್ತಗಿನ ಮನಸ್ಸಿನವರು, ಇದ್ದಿಲು ಸಿಕ್ಕವರ ಮನಸ್ಸು ಕಪ್ಪು! ಇಡೀ ಮನೆ ನಗುತ್ತದೆ. ಹಳೆಯ ವರ್ಷದ ಕೆಡುಕನ್ನೆಲ್ಲ ಆ ರಾತ್ರಿಯೇ ಹೊರಗೆ ಹಾಕಿ ಹೊಸ ವರ್ಷಕ್ಕೆ ಮನೆ ಸಜ್ಜಾಗುತ್ತದೆ.

ನೀವೂ ಹೋಗಿಬನ್ನಿ. ವಿದೇಶಿಯರು ಇಲ್ಲಿಗೆ ಬರಲು ಸರಕಾರದ ಪರವಾನಗಿ ಬೇಕು, ನಮಗೆ ಬೇಕಿಲ್ಲ. ಮಠದೊಳಗೆ ಚಪ್ಪಲಿ ಬಿಟ್ಟು ಹೋಗಿ, ಪ್ರಾರ್ಥನೆಯ ಹೊತ್ತಿನಲ್ಲಿ ಕೇಳದೆ ಫೋಟೊ ತೆಗೆಯಬೇಡಿ. ಊಟ ಮುಗಿದ ಮೇಲೆ “ಶಿಂಪು ದು” ಎನ್ನಿ. ಚೆನ್ನಾಗಿತ್ತು ಎಂದರ್ಥ.

ಮನೆಯಲ್ಲೇ ತೆನ್‌ತುಕ್

ನಾಲ್ಕು ಜನರಿಗೆ ಎರಡು ಬಟ್ಟಲು ಗೋಧಿ ಹಿಟ್ಟು ಅಥವಾ ಮೈದಾ ಸಾಕು. ಚಿಟಿಕೆ ಉಪ್ಪು, ನೀರು ಹಾಕಿ ಚಪಾತಿ ಹಿಟ್ಟಿಗಿಂತ ತುಸು ಮೆತ್ತಗೆ ನಾದಿ, ಮೇಲೆ ಎಣ್ಣೆ ಸವರಿ ಅರ್ಧ ಗಂಟೆ ಮುಚ್ಚಿಡಿ. ಪಾತ್ರೆಯಲ್ಲಿ ಸ್ವಲ್ಪ ಎಣ್ಣೆ ಕಾಯಿಸಿ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ, ಟೊಮೆಟೊ ಹುರಿಯಿರಿ. ಮೂಲಂಗಿಯ ತೆಳು ಬಿಲ್ಲೆಗಳು, ಆರು ಬಟ್ಟಲು ನೀರು, ಉಪ್ಪು ಹಾಕಿ ಕುದಿಸಿ. ಹಿಟ್ಟನ್ನು ಬೆರಳಗಲದ ಪಟ್ಟಿ ಮಾಡಿ, ಎಳೆದು ತೆಳುವಾಗಿಸಿ, ಚೂರು ಚೂರು ಹರಿದು ಸಾರಿಗೆ ಹಾಕಿ. ಚೂರುಗಳು ಬೆಂದು ಮೇಲೆ ತೇಲಿದಾಗ ಒಂದು ಹಿಡಿ ಪಾಲಕ್ ಹಾಕಿ ಇಳಿಸಿ.

ನಾದುವುದು ಅಜ್ಜಿಯ ಕೆಲಸ, ಎಳೆದು ಹರಿಯುವುದು ಮೊಮ್ಮಕ್ಕಳದು. ಬಿಸಿ ಸಾರಿನ ಹತ್ತಿರ ದೊಡ್ಡವರು ಇರಲೇಬೇಕು. ಮುಂದಿನ ವಾರ ಕೆಲಸ ಅದಲುಬದಲಾಗಲಿ. ಮೊಮ್ಮಕ್ಕಳು ರೊಟ್ಟಿ ಬಡಿಯಲು ಕೂರಲಿ.