ಹಿರಿಯರಿಗೆ ಆರೈಕೆಯ ನೆಲೆ: ಸಲಹೆಗಾರನನ್ನು ಆರಿಸುವ ಮುನ್ನ

ಅರಿಸಿನದ ವ್ಯಾಪಾರದಲ್ಲಿ ಪಳಗಿದ ವರ್ತಕನು ಚೀಲದ ಬಾಯಿ ಬಿಚ್ಚಿ, ಕೊಂಬು ಮುರಿದು ನೋಡದೆ ಬೆಲೆ ಹೇಳುವುದಿಲ್ಲ. ನಡುವೆ ದಲ್ಲಾಳಿಯಿದ್ದರೆ ಆತನ ಕಮಿಷನ್ ಮಾರುವವರಿಂದ ಬರುತ್ತದೆಯೋ ಕೊಳ್ಳುವವರಿಂದ ಬರುತ್ತದೆಯೋ ಎಂಬುದನ್ನು ಮೊದಲೇ ತಿಳಿದುಕೊಳ್ಳುತ್ತಾನೆ. ಆದರೆ ಅದೇ ವರ್ತಕನು ಎಂಬತ್ತು ದಾಟಿದ ತಾಯಿಗೆ ಆರೈಕೆಯ ನೆಲೆಯೊಂದನ್ನು ಹುಡುಕಬೇಕಾಗಿ ಬಂದಾಗ, ದೂರವಾಣಿಯಲ್ಲಿ ಮಾತನಾಡಿದ ಅಪರಿಚಿತ ಸಲಹೆಗಾರನನ್ನು ನಂಬಿ ದೊಡ್ಡ ಮೊತ್ತದ ಠೇವಣಿ ಕಟ್ಟಿಬಿಡುವುದುಂಟು. ಆತುರ ಮತ್ತು ಸಂಕೋಚ ಇವೆರಡೂ ಇದಕ್ಕೆ ಕಾರಣ. ಹೆತ್ತವರ ವಿಷಯದಲ್ಲಿ ಚೌಕಾಸಿ ಮಾಡುವುದು ತಪ್ಪೆಂಬ ಭಾವನೆ ಪ್ರಶ್ನೆ ಕೇಳುವ ಬಾಯನ್ನೇ ಕಟ್ಟಿಹಾಕುತ್ತದೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರವತ್ತು ವರ್ಷ ಮೀರಿದವರ ಸಂಖ್ಯೆ ಸುಮಾರು 58 ಲಕ್ಷ. ಅಂದರೆ ಒಟ್ಟು ಜನಸಂಖ್ಯೆಯ ಶೇಕಡಾ 9.5ರಷ್ಟು. ಅಂದಿನಿಂದ ಈ ಪ್ರಮಾಣ ಏರುತ್ತಲೇ ಇದೆ. ಚಾಮರಾಜನಗರ, ಗುಂಡ್ಲುಪೇಟೆಗಳಂತಹ ಪಟ್ಟಣಗಳಲ್ಲಿ ಮಕ್ಕಳು ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ವೃದ್ಧ ತಂದೆಯೊಬ್ಬರೇ ಕುಳಿತಿರುವ ದೃಶ್ಯ ಹೊಸದೇನಲ್ಲ. ಪಾರ್ಶ್ವವಾಯುವೋ ಮರೆಗುಳಿ ಕಾಯಿಲೆಯೋ ಆ ಮನೆಯ ಬಾಗಿಲು ತಟ್ಟಿದ ದಿನ ಹುಡುಕಾಟ ಆರಂಭವಾಗುತ್ತದೆ.

ಹೆಸರು ಒಂದು, ಅರ್ಥ ಹಲವು

ವೃದ್ಧಾಶ್ರಮ, ನಿವೃತ್ತರ ವಸತಿ ಸಮುಚ್ಚಯ ಮತ್ತು ಅಸಿಸ್ಟೆಡ್ ಲಿವಿಂಗ್ ಎಂದು ಕರೆಯಲಾಗುವ ಆರೈಕೆ ಸಹಿತ ವಾಸ, ಈ ಮೂರೂ ಬೇರೆ ಬೇರೆ. ವೃದ್ಧಾಶ್ರಮಗಳು ಬಹುಮಟ್ಟಿಗೆ ಆಸರೆಯಿಲ್ಲದವರಿಗಾಗಿ ದಾನಿಗಳ ನೆರವಿನಿಂದ ನಡೆಯುತ್ತವೆ. ನಿವೃತ್ತರ ವಸತಿಯಲ್ಲಿ ಸ್ವತಂತ್ರವಾಗಿ ಓಡಾಡಬಲ್ಲವರು ಮನೆ ಕೊಂಡು ಅಥವಾ ಬಾಡಿಗೆಗೆ ಪಡೆದು ವಾಸಿಸುತ್ತಾರೆ. ಮೂರನೆಯ ಬಗೆಯಲ್ಲಿ ಸ್ನಾನ, ಉಡುಗೆ, ಔಷಧಿ, ಊಟ ಮುಂತಾದ ದಿನನಿತ್ಯದ ಕೆಲಸಗಳಿಗೆ ಸಹಾಯಕರು ಇರುತ್ತಾರೆ. ಈ ಮೂರರಲ್ಲಿ ಯಾವುದು ಬೇಕೆಂಬುದನ್ನು ವೈದ್ಯರ ತಪಾಸಣೆಯಿಂದ ನಿಶ್ಚಯಿಸಿಕೊಂಡ ನಂತರವೇ ಸಲಹೆಗಾರನ ಬಳಿ ಹೋಗುವುದು ಲೇಸು. ಹಿರಿಯರ ಸ್ಥಿತಿಯನ್ನು ವಿಚಾರಿಸುವ ಮೊದಲೇ ಸಂಸ್ಥೆಯ ಹೆಸರನ್ನು ಸೂಚಿಸುವ ಸಲಹೆಗಾರನು ಸರಕು ಸಾಗಹಾಕುತ್ತಿದ್ದಾನೆಂದೇ ತಿಳಿಯಬೇಕು.

ಕಮಿಷನ್ ಯಾರಿಂದ?

ಸಲಹೆಗಾರರಲ್ಲಿ ಎರಡು ವರ್ಗ. ಕುಟುಂಬದಿಂದಲೇ ಶುಲ್ಕ ಪಡೆಯುವವರು ಒಂದು ವರ್ಗ. ಕುಟುಂಬಕ್ಕೆ ಉಚಿತ ಸೇವೆ ನೀಡಿ, ಹಿರಿಯರು ದಾಖಲಾದ ಮೇಲೆ ಆರೈಕೆ ಸಂಸ್ಥೆಯಿಂದ ಕಮಿಷನ್ ಪಡೆಯುವವರು ಇನ್ನೊಂದು ವರ್ಗ. ಎರಡನೆಯ ಪದ್ಧತಿ ತಾನಾಗಿಯೇ ವಂಚನೆಯಲ್ಲ. ಆದರೆ ಕಮಿಷನ್ ಕೊಡದ ಒಳ್ಳೆಯ ಸಂಸ್ಥೆಯ ಹೆಸರು ಅಂತಹವರ ಪಟ್ಟಿಯಲ್ಲಿ ಕಾಣಿಸದಿರಬಹುದು. ಈ ವ್ಯವಹಾರ ವ್ಯಾಪಕವಾಗಿ ಬೆಳೆದಿರುವ ಅಮೆರಿಕದ ವಾಷಿಂಗ್ಟನ್ ರಾಜ್ಯವು, ಸಲಹೆಗಾರರು ತಮ್ಮ ಸೇವೆ ಮತ್ತು ಶುಲ್ಕದ ವಿವರವನ್ನು ಗ್ರಾಹಕರಿಗೆ ಬರಹದಲ್ಲಿ ತಿಳಿಸಬೇಕೆಂದು 2011ರಲ್ಲಿಯೇ ಕಾನೂನು ಮಾಡಿತು.

ನಮ್ಮ ದೇಶದಲ್ಲಿ ಇಂತಹ ಸಲಹೆಗಾರರಿಗೆಂದೇ ಪ್ರತ್ಯೇಕ ಪರವಾನಗಿ ಪದ್ಧತಿಯಿಲ್ಲ. ಆದ್ದರಿಂದ ಗ್ರಾಹಕನೇ ಎಚ್ಚರ ವಹಿಸಬೇಕು. ಸಲಹೆಗಾರನು ನೋಂದಾಯಿತ ನಿವೃತ್ತರ ಯೋಜನೆಯಲ್ಲಿ ಮನೆಯನ್ನು ಮಾರಿಸಲು ಬಂದರೆ, 2016ರ ರೇರಾ ಕಾಯ್ದೆಯಂತೆ ಆತನು ಏಜೆಂಟನಾಗಿ ನೋಂದಣಿ ಮಾಡಿಸಿರಬೇಕು. ಆ ಸಂಖ್ಯೆಯನ್ನು ಕೇಳಿ ಪಡೆಯಬಹುದು. ಹಣ ಪಡೆದು ನೀಡಿದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ದೂರಿಗೆ ಬಲ ಬರುವುದು ರಸೀದಿ ಮತ್ತು ಬರಹದಿಂದ, ಬಾಯಿಮಾತಿನಿಂದಲ್ಲ.

ಕೇಳಲೇಬೇಕಾದ ಪ್ರಶ್ನೆಗಳು

ಸೂಚಿಸಿದ ಸಂಸ್ಥೆಗಳಿಗೆ ತಾನು ಸ್ವತಃ ಹೋಗಿ ಬಂದಿರುವನೇ, ಕೊನೆಯ ಬಾರಿ ಹೋದದ್ದು ಯಾವಾಗ? ಯಾವ ಸಂಸ್ಥೆಯಿಂದ ಎಷ್ಟು ಪಡೆಯುತ್ತಾನೆ? ಕಮಿಷನ್ ಕೊಡದ ಸಂಸ್ಥೆಗಳನ್ನೂ ತೋರಿಸುವನೇ? ಹಿರಿಯರು ಅಲ್ಲಿ ಹೊಂದಿಕೊಳ್ಳದೆ ಹೋದರೆ ಆತನ ಹೊಣೆ ಏನು? ಈಗಾಗಲೇ ಸೇವೆ ಪಡೆದ ಎರಡು ಮೂರು ಕುಟುಂಬಗಳೊಂದಿಗೆ ಮಾತನಾಡಿಸುವನೇ? ಈ ಪ್ರಶ್ನೆಗಳಿಗೆ ಮುಜುಗರವಿಲ್ಲದೆ ಉತ್ತರಿಸುವವನೊಡನೆ ಮಾತ್ರ ವ್ಯವಹಾರ ಮುಂದುವರಿಸುವುದು ಯೋಗ್ಯ. "ಇಂದೇ ಮುಂಗಡ ಕಟ್ಟದಿದ್ದರೆ ಕೊಠಡಿ ಕೈತಪ್ಪುತ್ತದೆ" ಎನ್ನುವ ಮಾತು ಯಾವ ಪೇಟೆಯಲ್ಲಾದರೂ ಎಚ್ಚರಿಕೆಯ ಗಂಟೆಯೇ.

ಸಂಸ್ಥೆಯನ್ನು ಮುನ್ಸೂಚನೆಯಿಲ್ಲದೆ ಊಟದ ಹೊತ್ತಿಗೊಮ್ಮೆ, ರಾತ್ರಿಯ ಹೊತ್ತಿಗೊಮ್ಮೆ ನೋಡಿ ಬರಬೇಕು. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಸಹಾಯಕರಿರುತ್ತಾರೆಂಬುದು ಕಟ್ಟಡದ ಅಂದಕ್ಕಿಂತ ಮುಖ್ಯ. ಕರಾರಿನಲ್ಲಿ ಠೇವಣಿ ಹಿಂತಿರುಗಿಸುವ ಅವಧಿ, ವಾರ್ಷಿಕ ಶುಲ್ಕ ಏರಿಕೆ, ಆಸ್ಪತ್ರೆಗೆ ಸೇರಿಸಿದ ದಿನಗಳ ಲೆಕ್ಕ, ಕಾಯಿಲೆ ಉಲ್ಬಣಿಸಿದಾಗ ಸಂಸ್ಥೆಯು ಹಿರಿಯರನ್ನು ಹಿಂದಕ್ಕೆ ಕಳುಹಿಸಬಹುದಾದ ಸಂದರ್ಭಗಳು ಇವೆಲ್ಲವೂ ಸ್ಪಷ್ಟವಾಗಿರಬೇಕು. ಠೇವಣಿಯನ್ನು ದುಡಿಯುವ ಬಂಡವಾಳದಿಂದ ತೆಗೆದು ಕಟ್ಟಿದರೆ, ಸುಗ್ಗಿಯ ಖರೀದಿಯ ಸಮಯದಲ್ಲಿ ಅಂಗಡಿಯೂ ಸೊರಗುತ್ತದೆ ಎಂಬುದನ್ನು ಮರೆಯಲಾಗದು.

ದೂರದ ಲೆಕ್ಕ

ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರು ಸುಮಾರು 60 ಕಿ.ಮೀ. ದೂರದಲ್ಲಿದೆ. ಚಾಮರಾಜನಗರದವರಿಗೆ ರೈಲು ಸೌಕರ್ಯವುಂಟು. ಗುಂಡ್ಲುಪೇಟೆಯವರಿಗೆ ರಸ್ತೆಯೊಂದೇ ಗತಿ. ಗಡಿಯಾಚೆಯ ವಯನಾಡಿನ ಅಥವಾ ನೀಲಗಿರಿಯ ತಂಪು ಹವೆಯನ್ನು ಹೊಗಳುವ ಸಲಹೆಗಾರರು, ಬಂಡೀಪುರ ಅರಣ್ಯ ಮಾರ್ಗದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದನ್ನು ಹೇಳಲು ಮರೆಯಬಹುದು. ತುರ್ತು ವಾಹನಗಳಿಗೆ ವಿನಾಯಿತಿ ಇದ್ದರೂ, ರಾತ್ರಿ ಹತ್ತಕ್ಕೆ ಕರೆ ಬಂದರೆ ಮಗನು ತನ್ನ ಕಾರಿನಲ್ಲಿ ತಾಯಿಯ ಬಳಿಗೆ ಹೊರಡುವಂತಿಲ್ಲ. ವಾರಕ್ಕೊಮ್ಮೆ ಹೋಗಿ ಬರಲಾಗದ ನೆಲೆಯು ಎಷ್ಟೇ ಉತ್ತಮವಾಗಿದ್ದರೂ ಹಿರಿಯರ ಪಾಲಿಗೆ ಗಡೀಪಾರೇ ಸರಿ.

ಕಾಗದಪತ್ರಗಳು ಮೊದಲು

ವರ್ತಕ ಕುಟುಂಬಗಳಲ್ಲಿ ಅಂಗಡಿಯ ಪರವಾನಗಿ, ಬ್ಯಾಂಕ್ ಖಾತೆ, ಗೋದಾಮಿನ ಪತ್ರಗಳು ಹಿರಿಯರ ಹೆಸರಿನಲ್ಲಿಯೇ ಇರುವುದು ಸಾಮಾನ್ಯ. ಅವರು ಬರೆದುಕೊಟ್ಟ ಮುಖ್ತಾರ್‌ನಾಮೆ ಕೊನೆಯವರೆಗೂ ನಡೆಯುತ್ತದೆಂಬ ನಂಬಿಕೆ ಸರಿಯಲ್ಲ. 1872ರ ಕರಾರು ಕಾಯ್ದೆಯ 201ನೆಯ ಕಲಮಿನಂತೆ, ಬರೆದುಕೊಟ್ಟವರು ಚಿತ್ತಸ್ವಾಸ್ಥ್ಯ ಕಳೆದುಕೊಂಡರೆ ಅಂತಹ ಅಧಿಕಾರ ಕೊನೆಗೊಳ್ಳುತ್ತದೆ. ಆದುದರಿಂದ ಮರೆವು ಆವರಿಸುವ ಮುನ್ನವೇ ಜಂಟಿ ಖಾತೆ, ಪಾಲುದಾರಿಕೆ ಪತ್ರ, ಮೃತ್ಯುಪತ್ರಗಳನ್ನು ವಕೀಲರು ಹಾಗೂ ಲೆಕ್ಕಪರಿಶೋಧಕರ ನೆರವಿನಿಂದ ಸರಿಪಡಿಸಿಕೊಳ್ಳಬೇಕು.

ಹಿರಿಯರೂ ಎಚ್ಚರದಿಂದಿರಬೇಕು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೆಯ ಕಲಮಿನಂತೆ, ಆರೈಕೆಯ ಷರತ್ತಿನ ಮೇಲೆ ಆಸ್ತಿ ಪಡೆದವರು ಆರೈಕೆ ಮಾಡದಿದ್ದರೆ ಆ ವರ್ಗಾವಣೆಯನ್ನು ರದ್ದುಪಡಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಅಂತಹ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿರುವುದರಿಂದ, ದಾನಪತ್ರದಲ್ಲಿಯೇ ಅದನ್ನು ಬರೆಸುವುದು ಕ್ಷೇಮ.

ಹಣ ತೆರುವ ಮೊದಲು ಉಚಿತ ಮಾರ್ಗಗಳನ್ನೂ ನೋಡಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಹಾಗೂ ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಮಾಹಿತಿ ದೊರೆಯುತ್ತದೆ. ಕುಟುಂಬದ ವೈದ್ಯರು, ಇಂತಹ ದಾರಿ ತುಳಿದ ನೆರೆಯ ವರ್ತಕರು ನೀಡುವ ಸಲಹೆಗೆ ಕಮಿಷನ್ನಿನ ಹಂಗಿಲ್ಲ.

ಕೊನೆಯದಾಗಿ, ಸಲಹೆಗಾರನನ್ನು ಕೇಳುವ ಮುನ್ನ ಹಿರಿಯರನ್ನೇ ಕೇಳಬೇಕು. ಜೀವಮಾನವಿಡೀ ಅಂಗಡಿಯ ಲೆಕ್ಕ ನೋಡಿದವರಿಗೆ ತಮ್ಮ ಉಳಿದ ದಿನಗಳ ಲೆಕ್ಕದಲ್ಲಿ ಮಾತಿಲ್ಲವೆಂದಾದರೆ, ಎಂತಹ ಒಳ್ಳೆಯ ಸಲಹೆಯೂ ಅವರಿಗೆ ನೆಮ್ಮದಿ ತರಲಾರದು.