ವಿದ್ಯುತ್ ಗಿಟಾರಿನ ಎದೆಫಲಕ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫುಲ್ಲರ್ಟನ್ ಪಟ್ಟಣದಲ್ಲಿ 1938ರಲ್ಲಿ ರೇಡಿಯೋ ದುರಸ್ತಿಯ ಅಂಗಡಿ ತೆರೆದ ಲಿಯೋ ಫೆಂಡರ್ ಎಂಬಾತನೇ, 1954ರಲ್ಲಿ ‘ಸ್ಟ್ರಾಟೊಕಾಸ್ಟರ್’ ಎಂಬ ವಿದ್ಯುತ್ ಗಿಟಾರನ್ನು ಹೊರತಂದನು. ಅದರ ಮರದ ಒಡಲ ಮೇಲೆ ತೆಳುವಾದ ಪ್ಲಾಸ್ಟಿಕ್ ಫಲಕವೊಂದುಂಟು. ‘ಪಿಕ್‌ಗಾರ್ಡ್’ ಎಂದು ಅದರ ಹೆಸರು. ತಂತಿ ಮೀಟುವಾಗ ಮರಕ್ಕೆ ಗೀರು ಬೀಳದಂತೆ ಅದು ಕಾಯುತ್ತದೆ. ಅಷ್ಟೇ ಅಲ್ಲ, ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಮೂರು ಅಯಸ್ಕಾಂತದ ಸುರುಳಿಗಳನ್ನೂ ಧ್ವನಿಯ ಗುಂಡಿಗಳನ್ನೂ ಹೊತ್ತಿರುವುದು ಅದೇ.

ಫಲಕ ಒಡೆದರೆ ಹೊಸದನ್ನು ಕೊಂಡರಾಯಿತಲ್ಲ ಎನ್ನಬಹುದು. ತೊಡಕಿರುವುದು ಅಲ್ಲಿಯೇ. ಮೊದಲಿನ ಫಲಕಗಳಿಗೆ 8 ಸ್ಕ್ರೂಗಳಿದ್ದುವು; 1959ರಲ್ಲಿ ಅವು 11 ಆದುವು. ಹೊಂದದ ಫಲಕಕ್ಕಾಗಿ ಹೊಸ ತೂತು ಕೊರೆದರೆ ಹಳೆಯ ವಾದ್ಯದ ಮರ ಕೆಡುತ್ತದೆ. ಆದುದರಿಂದಲೇ ಹಲವರು ಫಲಕವನ್ನು ಮನೆಯಲ್ಲಿ ತಾವೇ ಕತ್ತರಿಸಿಕೊಳ್ಳುತ್ತಾರೆ.

ಇಲ್ಲಿ ಮೊದಲ ನಿಯಮ: ಅಳತೆಯನ್ನು ಹಳೆಯ ಫಲಕದಿಂದಲ್ಲ, ಮರದಿಂದ ತೆಗೆದುಕೊಳ್ಳಬೇಕು. 1959ರಿಂದ ಕೆಲವು ವರ್ಷ ಇವನ್ನು ಸೆಲ್ಯುಲಾಯ್ಡಿನಿಂದ ಮಾಡುತ್ತಿದ್ದರು. ಅದು ಕಾಲಕ್ರಮದಲ್ಲಿ ಕುಗ್ಗುತ್ತದೆ. ಹಳೆಯ ಚಲನಚಿತ್ರದ ರೀಲಿನಂತೆ ಕಿಡಿ ತಗುಲಿದರೆ ಭಗ್ಗನೆ ಉರಿಯುತ್ತದೆ ಸಹ. ಅದನ್ನು ಒಲೆಯ ಬಳಿಗೆ ಒಯ್ಯಲಾಗದು, ಯಂತ್ರದಲ್ಲಿ ಉಜ್ಜಲಾಗದು.

ತಂತಿಗಳನ್ನು ಕಳಚಿ, ಮರದ ಮೇಲೆ ಕಾಗದ ಹರಡಿ ಪೆನ್ಸಿಲಿನಿಂದ ಮೃದುವಾಗಿ ತಿಕ್ಕಿದರೆ ತೂತುಗಳೂ ಅಂಚುಗಳೂ ಮೂಡುತ್ತವೆ. ಹೊರಗಿನ ಎರಡು ತಂತಿಗಳ ದಾರಿಯಲ್ಲಿ ನೂಲು ಹಿಡಿದು ಸುರುಳಿಗಳ ಜಾಗವನ್ನು ಗುರುತಿಸಬೇಕು. ಸುರುಳಿ ತಂತಿಯ ನೇರಕ್ಕಿಲ್ಲದಿದ್ದರೆ ದನಿ ಕುಂದುತ್ತದೆ. ಈ ನಕ್ಷೆಯನ್ನು ಪಿವಿಸಿ ಹಾಳೆಗೆ ಅಂಟಿಸಿ, ಸಣ್ಣ ಹಲ್ಲಿನ ಗರಗಸದಿಂದ ಗೆರೆಯ ಹೊರಗೇ ನಿಧಾನವಾಗಿ ಕೊಯ್ಯಬೇಕು. ಅವಸರಪಟ್ಟರೆ ಬಿಸಿಯೇರಿ ಪ್ಲಾಸ್ಟಿಕ್ಕು ಕರಗಿ ಹಲ್ಲಿಗೆ ಮೆತ್ತುತ್ತದೆ. ಉಳಿದುದನ್ನು ಅರದಿಂದಲೂ ಉಪ್ಪುಕಾಗದದಿಂದಲೂ ತೀಡಬೇಕು. ಬಿಳಿ-ಕಪ್ಪು-ಬಿಳಿ ಮೂರು ಪದರದ ಹಾಳೆಯಾದರೆ, ಅಂಚನ್ನು ಓರೆಯಾಗಿ ತೀಡಿದಾಗ ಕಪ್ಪು ಗೆರೆ ಚೆಲುವಾಗಿ ಕಾಣುತ್ತದೆ. ಲೇಸರ್ ಯಂತ್ರಕ್ಕೆ ಮಾತ್ರ ಪಿವಿಸಿಯನ್ನು ಕೊಡಬಾರದು. ಸುಟ್ಟಾಗ ಶ್ವಾಸಕೋಶಕ್ಕೆ ಕೇಡು ಮಾಡುವ ಆಮ್ಲದ ಹೊಗೆ ಬರುತ್ತದೆ.

ಕೊನೆಯದಾಗಿ, ಫಲಕದ ಹಿಂಬದಿಗೆ ತಾಮ್ರದ ತೆಳು ಹಾಳೆ ಅಂಟಿಸಿ, ವಾದ್ಯದೊಳಗಿನ ಅರ್ಥ್ ತಂತಿಗೆ ಸೇರಿಸುವುದು ಲೇಸು. ರೇಡಿಯೋದಲ್ಲಿ ಕೆಲವು ಸುರುಳಿಗಳನ್ನು ಲೋಹದ ಡಬ್ಬಿಯಲ್ಲಿ ಮುಚ್ಚಿಡುವ ಉಪಾಯವೇ ಇದು. ಗುಂಯ್‌ಗುಟ್ಟುವ ಸದ್ದು ತಗ್ಗುತ್ತದೆ. ರೇಡಿಯೋ ರಿಪೇರಿಯವನ ವಾದ್ಯಕ್ಕೆ ರೇಡಿಯೋದ ವಿದ್ಯೆಯೇ ಒದಗಿಬಂದಂತಾಯಿತು.