ಮಣ್ಣಿನ ಮನೆ ಕೆಡವುವ ಮುಂಚೆ



ಸಂಘದ ಸಭೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು: "ಸಿಸ್ಟರ್, ನಮ್ಮದು ಮಣ್ಣಿನ ಗೋಡೆ. ಕೆಡವಿ ಸಿಮೆಂಟಿನ ಮನೆ ಕಟ್ಟಬೇಕು, ಸಾಲ ಸಿಗುತ್ತಾ?" ಈ ಆಸೆ ತಪ್ಪಲ್ಲ. ಮಳೆಗಾಲದಲ್ಲಿ ಗೋಡೆ ಬಿದ್ದು ಜೀವ ಹೋದ ಸುದ್ದಿ ಕೇಳಿದರೆ ಯಾರಿಗಾದರೂ ಭಯ ಆಗುತ್ತದೆ. ಆದರೆ ಸಾಲಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಒಂದು ವಿಷಯ ತಿಳಿಯೋಣ. ಮಣ್ಣಿನ ಗೋಡೆಯ ಶತ್ರು ವಯಸ್ಸಲ್ಲ, ನೀರು.

ಜೇಡಿಮಣ್ಣು ಅಂಟಿನ ಹಾಗೆ ಮರಳನ್ನು ಹಿಡಿದಿಡುತ್ತದೆ. ಒಣಗಿದ್ದರೆ ಗಟ್ಟಿ, ನೆನೆದರೆ ಮೆತ್ತಗೆ. ಹಿರಿಯರು ಮಣ್ಣಿಗೆ ಹುಲ್ಲು ಸೇರಿಸಿ, ತುಳಿದು, ಮುದ್ದೆ ಮಾಡಿ ಇಡುತ್ತಿದ್ದರು. ಒಂದೆರಡು ಅಡಿ ಏರಿಸಿ, ಒಣಗಿದ ಮೇಲೆ ಮುಂದಿನ ವರಸೆ. ಇಂಥದೇ ಗೋಡೆಗೆ ಇಂಗ್ಲೆಂಡಿನಲ್ಲಿ 'ಕಾಬ್' ಅಂತಾರೆ. ಮಳೆ ಹೆಚ್ಚಿರುವ ಅಲ್ಲಿನ ಡೆವನ್ ಪ್ರಾಂತ್ಯದಲ್ಲಿ ನೂರಾರು ವರ್ಷ ಹಳೆಯ ಕಾಬ್ ಮನೆಗಳಲ್ಲಿ ಜನ ಇಂದಿಗೂ ವಾಸವಾಗಿದ್ದಾರೆ. ಗುಟ್ಟು ಎರಡೇ: ನೆಲದಿಂದ ಎತ್ತರಿಸಿದ ಕಲ್ಲಿನ ಪಾಯ, ಮುಂದಕ್ಕೆ ಚಾಚಿದ ಸೂರು.

ನಿಮ್ಮ ಮನೆಯನ್ನು ಹೀಗೆ ಪರೀಕ್ಷಿಸಿ:

1. ಬುಡ: ಮಳೆನೀರು, ಬಚ್ಚಲ ನೀರು ಗೋಡೆಯ ಬಳಿ ನಿಲ್ಲುತ್ತಿದೆಯೇ? ಚರಂಡಿ ತೋಡಿ ದೂರ ಹರಿಸಿ.

2. ಸೂರು: ಚಾವಣಿಯ ನೀರು ಗೋಡೆಗೆ ಸಿಡಿಯುತ್ತಿದೆಯೇ? ಸೂರನ್ನು ಎರಡು ಅಡಿಯಷ್ಟು ಮುಂದಕ್ಕೆ ಚಾಚಿಸಿ. ಒಡೆದ ಹೆಂಚು ಬದಲಿಸಿ.

3. ಮೆತ್ತನೆ: ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಬೇಡಿ. ಅದು ಬಿರುಕು ಬಿಟ್ಟಾಗ ಒಳಹೋದ ನೀರು ಹೊರಬರದೆ ಗೋಡೆಯನ್ನು ಒಳಗಿಂದಲೇ ಮೆತ್ತಗೆ ಮಾಡುತ್ತದೆ, ಮೇಲೆ ಗೊತ್ತೇ ಆಗಲ್ಲ. ಮಣ್ಣು ಇಲ್ಲವೇ ಸುಣ್ಣದ ಗಾರೆಯೇ ಸರಿ. ಗೋಡೆ ಮೆತ್ತುವುದು ಹೆಂಗಸರ ಪಾಲಿಗೆ ಅಂತ ಬಿಡಬೇಡಿ, ಮನೆಯವರೆಲ್ಲ ಕೈ ಹಾಕಲಿ.

4. ಅಪಾಯ: ಗೋಡೆ ವಾಲಿದ್ದರೆ, ಬುಡ ಕರಗಿದ್ದರೆ, ಬಿರುಕು ದಿನದಿನಕ್ಕೆ ಅಗಲವಾಗುತ್ತಿದ್ದರೆ ಆ ಕೋಣೆಯಲ್ಲಿ ಒಂದು ರಾತ್ರಿಯೂ ಮಲಗಬೇಡಿ. ಮಕ್ಕಳನ್ನು ಬೇರೆ ಕಡೆ ಕಳಿಸಿ, ಪಂಚಾಯಿತಿಗೆ ಬರೆದು ಕೊಡಿ. ಅಂಥ ಗೋಡೆ ಉಳಿಸುವ ಮಾತು ಬೇಡ.

ಹೊಸದಾಗಿಯೇ ಕಟ್ಟಬೇಕಾದರೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಮಣ್ಣಿನ ಇಟ್ಟಿಗೆಯ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರು ಚಿಮುಕಿಸಿ ತೇವ ಇಡಬೇಕು. ಭಟ್ಟಿಯಲ್ಲಿ ಸುಡುವ ಹಾಗಿಲ್ಲ, ಸೌದೆ ಉಳಿಯುತ್ತದೆ.

ಮಣ್ಣು ಆಗುತ್ತದೋ ಇಲ್ಲವೋ ನೋಡಲು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ, ಒಂದು ದಿನ ಬಿಡಿ. ಮರಳು ತಳದಲ್ಲಿ, ಜೇಡಿ ಮೇಲೆ ಕೂರುತ್ತದೆ. ಮರಳೇ ಹೆಚ್ಚಿರಬೇಕು. ಎರೆಮಣ್ಣು ಒಣಗಿದಾಗ ಸೀಳುತ್ತದೆ, ಅದು ಬೇಡ. ಸರ್ಕಾರದ ವಸತಿ ಯೋಜನೆಯ ಹಣದಲ್ಲಿ ಕಟ್ಟುವುದಾದರೆ ಇಂಥ ಗೋಡೆಗೆ ಒಪ್ಪಿಗೆ ಇದೆಯೇ ಎಂದು ಪಂಚಾಯಿತಿಯಲ್ಲಿ ಮೊದಲೇ ಕೇಳಿ.

ಮುಂದಿನ ಸಭೆಯಲ್ಲಿ ಸದಸ್ಯೆಯರ ಮನೆಗಳನ್ನು ಜೊತೆಯಾಗಿ ನೋಡಿ ಬನ್ನಿ. ಚರಂಡಿಗೆ, ಸೂರಿಗೆ ಬೇಕಾಗುವ ಸಣ್ಣ ಸಾಲ ಸಂಘದ ಉಳಿತಾಯದಲ್ಲೇ ಸಿಕ್ಕೀತು. ಗಟ್ಟಿಯಿರುವ ಮನೆ ಕೆಡವಿ, ವರ್ಷಗಟ್ಟಲೆ ಕಂತು ಕಟ್ಟುವುದು ಯಾಕೆ? ಮಳೆಗಾಲಕ್ಕೆ ಮುಂಚೆಯೇ ಈ ಕೆಲಸ ಮುಗಿಸೋಣ.